ಬಾಗಿಲ ಬಳಿಯ ಎರಡು ಮೊಳೆ

ಚಳಿ ಹಿಂದೆ ಸರಿದು ಒಣಗಾಳಿ ಏಳುವ ದಿನಗಳು. ನಾರಿನ ಕೆಲಸಕ್ಕೆ ಇದೇ ತಕ್ಕ ಕಾಲ. ಮಳೆಗಾಲದಲ್ಲಿ ನಾರು ತೇವ ಕುಡಿದು ಮೆತ್ತಗಾಗಿ, ಹೊಸೆದಷ್ಟೂ ಜಾರುತ್ತದೆ. ಬಿಸಿಲು ಬಲಿತ ಮೇಲೆ ಕಡ್ಡಿಯಂತಾಗಿ ಬೆರಳಲ್ಲೇ ಮುರಿಯುತ್ತದೆ. ನಡುವಿನ ಈ ಕೆಲವು ವಾರ ಮಾತ್ರ ಅದು ಹೇಳಿದ ಮಾತು ಕೇಳುತ್ತದೆ. ಹಗ್ಗದವನು ಬೆಳಕು ಹರಿಯುತ್ತಲೇ ಎದ್ದು, ಹಿಂದಿನ ದಿನ ಬಾಚಿ ನೂತಿಟ್ಟ ಎಳೆಗಳನ್ನು ಹೊರಗೆ ತಂದು, ಬಾಗಿಲ ಪಕ್ಕದ ರಾಟೆಯ ಮೂರು ಕೊಕ್ಕೆಗಳಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಹಿಂದುಹಿಂದಕ್ಕೆ ನಡೆಯತೊಡಗಿದ್ದ.

ಮನೆಯ ಬಾಗಿಲಿನಿಂದ ಬೇಲಿಯ ಕೊನೆಯವರೆಗೆ ನೇರವಾಗಿ ಚಾಚಿದ್ದ ಆ ಪಟ್ಟಿ ನೆಲಕ್ಕೆ ಮನೆಯವರು ನಡೆ ಎನ್ನುತ್ತಿದ್ದರು. ಅವನ ಅಪ್ಪ, ಅಪ್ಪನ ಅಪ್ಪ ಎಲ್ಲ ಹಿಂದುಹಿಂದಕ್ಕೆ ನಡೆದೂ ನಡೆದೂ ಆ ನೆಲ ಹುಲ್ಲು ಬೆಳೆಯುವುದನ್ನೇ ಮರೆತಿತ್ತು. ನಡೆಯ ಕೊನೆಯಲ್ಲಿ ಎಳೆಗಳ ತುದಿ ಕಟ್ಟಲು ಒಂದು ಮರದ ಜಾರುಬಂಡಿ, ಅದರ ಮೇಲೊಂದು ಗುಂಡುಕಲ್ಲು. ಎಳೆಗಳಿಗೆ ಹುರಿ ಏರಿದಂತೆ ಅವು ಗಿಡ್ಡವಾಗಿ, ಬಂಡಿ ಬಸವನಹುಳುವಿನಂತೆ ರಾಟೆಯ ಕಡೆಗೆ ತೆವಳುತ್ತದೆ. ಮೂರು ಎಳೆಗಳ ನಡುವೆ ಮೂರು ಗೀರು ಕೊರೆದ ಮರದ ಬುಗುರಿ. ಅದನ್ನು ಬಂಡಿಯ ಕಡೆಯಿಂದ ರಾಟೆಯ ಕಡೆಗೆ ಸರಿಸುತ್ತ ಬಂದ ಹಾಗೆ, ಹಿಂದೆ ಎಳೆಗಳು ಒಂದರ ಮೇಲೊಂದು ಕೂತು ಹಗ್ಗವಾಗುತ್ತವೆ.

ಇದು ಇಬ್ಬರ ಕೆಲಸ. ಒಬ್ಬರು ರಾಟೆಯ ಹಿಡಿ ತಿರುಗಿಸಬೇಕು, ಒಬ್ಬರು ಬುಗುರಿ ಹಿಡಿದು ನಡೆಯಬೇಕು. ಹಿಡಿ ತಿರುಗಿಸುತ್ತಿದ್ದವಳು ಅವನ ಹೆಂಡತಿ. ಆ ತುದಿಯಿಂದ ಅವನು ಏನೂ ಕೂಗಿ ಹೇಳಬೇಕಾಗಿರಲಿಲ್ಲ. ಎಳೆ ನಡುಗುವ ರೀತಿಯಲ್ಲೇ ಅವಳಿಗೆ ಯಾವಾಗ ನಿಧಾನಿಸಬೇಕು, ಯಾವಾಗ ಬಿಗಿ ಮಾಡಬೇಕು ಎಂದು ತಿಳಿಯುತ್ತಿತ್ತು. ದೂರದಿಂದ ಶುರುವಾಗಿ ಪ್ರತಿ ಹಗ್ಗದ ಕೊನೆಗೂ ಅವನು ಅವಳ ಎದುರಿಗೆ ಬಂದು ನಿಲ್ಲುತ್ತಿದ್ದ. ಇಷ್ಟು ವರ್ಷ ದಿನಕ್ಕೆ ಹಲವು ಸಲ ಹಾಗೆ ಬಂದು ನಿಂತದ್ದರಲ್ಲಿ ವಿಶೇಷವೇನೂ ಅವನಿಗೆ ಕಂಡಿರಲಿಲ್ಲ.

ಅವಳು ತೀರಿಕೊಂಡು ವರ್ಷ ತುಂಬಿತ್ತು. ಈಗ ಅವನು ಹಿಡಿಯನ್ನು ಅಷ್ಟು ತಿರುಗಿಸಿ, ಹುರಿ ಬಿಚ್ಚದ ಹಾಗೆ ರಾಟೆಗೆ ಗೂಟ ಕೊಟ್ಟು, ಬುಗುರಿಯ ತನಕ ನಡೆದು, ಅದನ್ನು ಮೂರು ಮಾರು ಸರಿಸಿ, ಮತ್ತೆ ರಾಟೆಗೆ ವಾಪಸು ಬರುತ್ತಿದ್ದ. ಹೀಗೆ ಹೊಸೆದ ಹಗ್ಗ ಗಟ್ಟಿಯೇ. ಆದರೆ ನಿಲ್ಲಿಸಿ ಹೋದಲ್ಲೆಲ್ಲ ಒಂದು ಉಬ್ಬು. ಪೇಟೆಯ ಅಂಗಡಿಯವನು ಹಗ್ಗವನ್ನು ಹೆಬ್ಬೆರಳಿನಡಿ ಎಳೆದು ನೋಡುತ್ತ, ಆ ಉಬ್ಬು ಬಂದಾಗ ಒಂದು ಕ್ಷಣ ನಿಂತು, ಏನೂ ಅನ್ನದೆ ಸುತ್ತಿ ಒಳಗಿಡುತ್ತಿದ್ದ. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

"ಹಗ್ಗದಣ್ಣಾ! ಓ ಹಗ್ಗದಣ್ಣಾ!"

ಬೇಲಿಯಾಚೆಯಿಂದ ಕೂಗಿದವಳು ಮೇಕೆಯಕ್ಕ. ಅವನ ಮನೆಗೆ ಅಕ್ಕಪಕ್ಕವೆಂದರೆ ಇವಳೊಬ್ಬಳೇ, ಅದೂ ಒಂದು ಕೂಗಿನಷ್ಟು ದೂರ. ಮೇಕೆಗಳಿಗೆ ಬೈಯುತ್ತಲೇ ಮನುಷ್ಯರನ್ನೂ ಮಾತಾಡಿಸುವುದು ಅವಳ ರೂಢಿ.

"ನಿನ್ನ ಲೆಕ್ಕದಮ್ಮ ಮತ್ತೆ ಬರ್ತಾ ಇದಾಳೆ ನೋಡು. ಊರಿಗೆ ಊರೇ ಒಂದೇ ಸಲಕ್ಕೆ ಪಾಸು, ನೀನೊಬ್ಬ ಫೇಲಂತೆ! ನನ್ನ ಮೇಕೇನ ಕೇಳಿದ್ರೂ ಸರಿಯಾಗಿ ಹೇಳ್ತಿತ್ತು, ಯಾವ ಮನೆ ಬೇಕು ಅಂತ."

"ನಿನ್ನ ಮೇಕೆ ಬೇಲೀನೂ ಬೇಕು ಅಂತ ಹೇಳುತ್ತೆ. ಹಿಡ್ಕೋ ಮೊದ್ಲು ಅದನ್ನ."

ಊರಿನ ಮೇಲಿನ ಗುಡ್ಡ ಹೋದ ಮಳೆಗಾಲದಲ್ಲಿ ಬಾಯಿ ಬಿಟ್ಟಿತ್ತು. ಬಿರುಕು ಅಗಲವಾಗುತ್ತಿದೆಯೆಂದು ಕಚೇರಿಯವರು ಇಡೀ ಊರನ್ನು ಹಳ್ಳದಾಚೆಯ ಸಮನೆಲಕ್ಕೆ ಸಾಗಿಸುವುದೆಂದು ತೀರ್ಮಾನಿಸಿದ್ದರು. ಅಲ್ಲಿ ಕಟ್ಟುತ್ತಿದ್ದ ಮನೆಗಳು ಒಂದೇ ಅಳತೆಯವಾದರೂ ಒಂದೇ ಥರದ ಜಾಗದಲ್ಲಿರಲಿಲ್ಲ. ಕೆಲವು ಬೀದಿಯ ನಡುವೆ, ನಲ್ಲಿಯ ಹತ್ತಿರ. ಕೆಲವು ರಸ್ತೆಗೆ ತಾಗಿದವು. ಒಂದು ಮಾತ್ರ ಊರಂಚಿನಲ್ಲಿ, ಹಿಂದೆ ಉದ್ದ ಹಿತ್ತಿಲಿದ್ದದ್ದು. ಯಾರಿಗೆ ಯಾವುದೆಂದು ಜಗಳ ಆಗಬಾರದೆಂದು ಮನೆಮನೆಗೆ ಹೋಗಿ ಎರಡೆರಡು ಜಾಗವನ್ನು ಅಕ್ಕಪಕ್ಕ ಇಟ್ಟು, "ಇದೋ ಅದೋ" ಎಂದು ಕೇಳಿ ಬರೆದುಕೊಳ್ಳಲು ಒಬ್ಬಳನ್ನು ಕಳಿಸಿದ್ದರು. ಊರವರು ಅವಳಿಗೆ ಲೆಕ್ಕದಮ್ಮ ಎಂದು ಹೆಸರಿಟ್ಟಿದ್ದರು.

ಲೆಕ್ಕದಮ್ಮ ನಡುವಯಸ್ಸಿನವಳು. ಧೂಳಿನ ಬಣ್ಣದ ಚೀಲ, ಅದರೊಳಗೊಂದು ಟ್ಯಾಬು. ಶಾಲೆಯ ಖಾಲಿ ಕೋಣೆಯೊಂದರಲ್ಲಿ ಹಾಸಿಗೆ ಬಿಡಿಸಿಕೊಂಡಿದ್ದಳು. ನಾಳೆ ಬೆಳಿಗ್ಗೆ ಅದನ್ನು ಸುತ್ತಿಕೊಂಡು ಮುಂದಿನ ಊರಿಗೆ ಹೋಗುವವಳು.

"ಹಗ್ಗದಣ್ಣ, ಸ್ವಲ್ಪ ಕೂತ್ಕೋತೀರಾ? ನಿಮ್ಮದೊಂದೇ ಬಾಕಿ ಉಳಿದಿದೆ."

"ಎಳೆ ಎಲ್ಲ ಕೊಕ್ಕೆಗೆ ಏರ್ಸಿಬಿಟ್ಟಿದೀನಲ್ಲಮ್ಮ. ಈಗ ಬಿಟ್ರೆ ಗೋಜಲಾಗುತ್ತೆ. ಈ ಒಂದು ಹಗ್ಗ ಮುಗಿಸಿ ಕೂರ್ತೀನಿ."

"ಎಷ್ಟು ಹೊತ್ತಾಗುತ್ತೆ?"

"ಇಬ್ಬರಿದ್ರೆ ಬೇಗ," ಎಂದವನು, ಬಾಯಿ ತಪ್ಪಿತೆನ್ನುವಂತೆ ಬುಗುರಿಯನ್ನು ಕೈಗೆತ್ತಿಕೊಂಡ.

ಅವಳು ಚೀಲವನ್ನು ಜಗಲಿಯ ಮೇಲಿಟ್ಟು ರಾಟೆಯ ಹಿಡಿಗೆ ಕೈ ಹಾಕಿದಳು. "ಯಾವ ಕಡೆ ತಿರುಗಿಸ್ಬೇಕು?"

ಅವನು ತೋರಿಸಿ ಕೊಟ್ಟ. ಬುಗುರಿಯನ್ನು ಎಳೆಗಳ ನಡುವೆ ಇಡಲು ನಡೆಯ ಆ ತುದಿಗೆ ಹೋದ. ಅವಳು ತಿರುಗಿಸಿದ್ದು ವಿಪರೀತ ಜೋರಾಯಿತು. ಒಂದು ಎಳೆ ಹಾವಿನ ಹಾಗೆ ಸುರುಳಿ ಸುತ್ತಿಕೊಂಡಿತು.

"ಏಯ್, ನಿಧಾನ! ಏನು ಬಾವಿ ನೀರು ಸೇದ್ತಾ ಇದೀಯಾ?"

ಕೂಗಿದ ಮೇಲೆ ಅವನಿಗೇ ನಾಚಿಕೆಯಾಯಿತು. ಸರ್ಕಾರದ ಹೆಂಗಸು. ಆದರೆ ಆ ತುದಿಯಿಂದ ನಗು ಕೇಳಿತು. "ಆಯ್ತು ಆಯ್ತು, ನಿಧಾನ!" ಎಂದು ಅವಳು ಕೂಗಿ ಹೇಳಿದಳು. ಆಮೇಲೆ ಹಿಡಿ ಒಂದೇ ಹದದಲ್ಲಿ ತಿರುಗಿತು. ಬುಗುರಿ ಅವನ ಅಂಗೈಯಲ್ಲಿ ಗುಂಯ್ಗುಟ್ಟತೊಡಗಿತು. ವರ್ಷದ ಮೇಲೆ ಮೊದಲ ಸಲ ಅವನು ನಿಲ್ಲದೆ, ಹಿಂದಿರುಗಿ ಹೋಗದೆ, ಒಂದೇ ನಡಿಗೆಯಲ್ಲಿ ಬುಗುರಿಯ ಹಿಂದೆ ಬಂದ. ಮನೆ ಹತ್ತಿರವಾಯಿತು, ಬಾಗಿಲು ಹತ್ತಿರವಾಯಿತು, ರಾಟೆಯ ಹಿಂದಿನ ಮುಖ ಹತ್ತಿರವಾಯಿತು. ಬೇರೆಯವಳ ಮುಖ. ಅವನು ಕಣ್ಣು ತಗ್ಗಿಸಿ ಹಗ್ಗದ ತುದಿ ಬಿಗಿದು ಕಟ್ಟಿದ.

ಅಷ್ಟರಲ್ಲಿ ಮೇಕೆಯಕ್ಕ ಬೇಲಿ ದಾಟಿ ಬಂದು ಜಗಲಿಯ ಅಂಚಿನಲ್ಲಿ ಕೂತಾಗಿತ್ತು. ಲೆಕ್ಕದಮ್ಮ ಕೆಂಪಾದ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಟ್ಯಾಬು ತೆಗೆದಳು.

"ನೋಡಿ ಹಗ್ಗದಣ್ಣ, ನೀವು ಹೇಳಿದ್ದನ್ನೆಲ್ಲ ಇದು ಒಂದು ಸಾಲಿಗೆ ತಂದು, ಪ್ರತಿ ಮನೆಗೂ ಒಂದೊಂದು ಅಂಕಿ ಕೊಡುತ್ತೆ. ನಿಮಗೆ ಯಾವುದು ಹೆಚ್ಚು ಇಷ್ಟವೋ ಅದಕ್ಕೆ ದೊಡ್ಡ ಅಂಕಿ. ಓದಿದವರು ಇದಕ್ಕೆ ತುಷ್ಟಿಗುಣ ಅಂತಾರೆ."

"ದೊಡ್ಡ ಅಂಕಿ ಬಂದ್ರೆ ದೊಡ್ಡ ಮನೆನಾ?" ಎಂದಳು ಮೇಕೆಯಕ್ಕ.

"ಇಲ್ಲಕ್ಕ. ಅಂಕಿ ಎಷ್ಟು ಅನ್ನೋದರಲ್ಲಿ ಏನೂ ಇಲ್ಲ. ಹತ್ತು, ಇಪ್ಪತ್ತು, ಮೂವತ್ತು ಅಂತ ಇಟ್ಟರೂ ಅಷ್ಟೇ, ಒಂದು, ಎರಡು, ಸಾವಿರ ಅಂತ ಇಟ್ಟರೂ ಅಷ್ಟೇ. ಮೆಟ್ಟಿಲಿದ್ದ ಹಾಗೆ. ಯಾವುದು ಮೇಲಿನ ಮೆಟ್ಟಿಲು, ಯಾವುದು ಕೆಳಗಿನದು, ಅಷ್ಟು ಗೊತ್ತಾದ್ರೆ ಸಾಕು."

"ಹಾಗಾದ್ರೆ ನನ್ನ ಆಸೆ ದೊಡ್ಡದೋ ಇವನ ಆಸೆ ದೊಡ್ಡದೋ ಅಂತ ಹೇಗೆ ಅಳೀತೀರಾ?"

"ಅದನ್ನ ಅಳೆಯೋಕೆ ಆಗಲ್ಲ. ಒಬ್ಬರ ಅಂಕಿ ಪಕ್ಕ ಇನ್ನೊಬ್ಬರ ಅಂಕಿ ಇಡೋ ಹಾಗಿಲ್ಲ."

"ಅಯ್ಯೋ ನನ್ನವ್ವಾ, ಜಗಳ ಆಗೋದೇ ಅಲ್ಲಿ. ಅದೊಂದು ಬಿಟ್ಟು ಬೇರೆ ಎಲ್ಲ ಅಳೀತಾರಂತೆ!" ಮೇಕೆಯಕ್ಕ ಮೊಣಕಾಲಿಗೆ ಕೈ ಬಡಿದು ನಕ್ಕಳು. ಆಮೇಲೆ ದನಿ ಇಳಿಸಿ, "ಆ ಅಂಚಿನ ಮನೆ ನಾನೂ ಕೇಳಿದೀನಪ್ಪ. ಮೇಕೆಗೆ ಹಿತ್ತಿಲು ಬೇಕು. ಮುಚ್ಚುಮರೆ ಏನಿಲ್ಲ," ಎಂದಳು.

"ಕೇಳು. ಕೇಳೋಕೇನು," ಎಂದ ಹಗ್ಗದವನು.

"ಕಸುಬಿಗೆ ಬೇಕಾದ್ದು ಅಂತ ನಿಮಗೇ ಮೊದಲು," ಎಂದಳು ಲೆಕ್ಕದಮ್ಮ ಅವನಿಗೆ. "ಆದ್ರೆ ನಿಮ್ಮ ಸಾಲು ನೇರ ಇದ್ರೆ ಮಾತ್ರ. ಈಗ ಅದು ನೇರ ಇಲ್ಲ. ಸಂಜೆಯೊಳಗೆ ಸರಿ ಮಾಡಿ ಕಳಿಸದಿದ್ರೆ ನಿಮ್ಮ ಉತ್ತರಾನ ತೆಗೆದುಹಾಕ್ತಾರೆ. ಎಲ್ಲರಿಗೂ ಹಂಚಿ ಕೊನೆಗೆ ಉಳಿದದ್ದು ನಿಮಗೆ."

ಬೇಲಿಯ ಕಡೆ ಏನೋ ಮುರಿದ ಸದ್ದಾಯಿತು. ಮೇಕೆಯಕ್ಕ ಶಪಿಸುತ್ತ ಎದ್ದು ಓಡಿದಳು. ಜಗಲಿಯಲ್ಲಿ ಇಬ್ಬರೇ ಉಳಿದರು. ಗಾಳಿಗೆ ಜಗಲಿ ಮೂಲೆಯ ನಾರು ಬಾಚುವ ಹಲಗೆಯ ಮೊಳೆಗಳಲ್ಲಿ ಸಿಕ್ಕಿದ ಎಸಳು ಅಲುಗುತ್ತಿತ್ತು.

"ನೇರ ಇಲ್ಲ ಅಂದ್ರೆ ಏನಮ್ಮ? ನಾನು ಸುಳ್ಳು ಹೇಳಿಲ್ಲ."

"ಸುಳ್ಳು ಅಂತ ನಾನೂ ಹೇಳಲ್ಲ. ಕೇಳಿ. ಅಂಚಿನ ಮನೆಗಿಂತ ನಲ್ಲಿ ಹತ್ತಿರದ್ದು ಮೇಲು ಅಂದ್ರಿ. ರಸ್ತೆ ಮನೆಗಿಂತ ಅಂಚಿನದ್ದು ಮೇಲು ಅಂದ್ರಿ. ಆಮೇಲೆ ನಲ್ಲಿಗಿಂತ ರಸ್ತೆ ಮೇಲು ಅಂದ್ರಿ. ಮೂರನ್ನೂ ಮೆಟ್ಟಿಲ ಮೇಲೆ ಕೂರಿಸಿ ನೋಡೋಣ. ಹತ್ತುತ್ತಾ ಹತ್ತುತ್ತಾ ಹೋದ್ರೆ ಮತ್ತೆ ಕೆಳಗೇ ಬಂದು ನಿಲ್ತೀರಿ. ಅಂಥ ಮೆಟ್ಟಿಲಿಗೆ ಅಂಕಿ ಕೊಡೋದು ಹೇಗೆ?"

ಅವನು ಕೈಯಲ್ಲಿದ್ದ ಹೊಸ ಹಗ್ಗದ ತುದಿಯನ್ನು ನೋಡಿದ. ಮೊದಲನೆಯ ಎಳೆ ಎರಡನೆಯದರ ಮೇಲೆ, ಎರಡನೆಯದು ಮೂರನೆಯದರ ಮೇಲೆ, ಮೂರನೆಯದು ಮತ್ತೆ ಮೊದಲನೆಯದರ ಮೇಲೆ. ಅವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಆದರೆ ಹಗ್ಗಕ್ಕೆ ಯಾರೂ ಮನೆ ಕೊಡುವುದಿಲ್ಲವೆಂಬುದೂ ಗೊತ್ತಿತ್ತು. ತುದಿಯನ್ನು ಒಳಕ್ಕೆ ಸಿಕ್ಕಿಸಿ ಸುರುಳಿಯನ್ನು ಪಕ್ಕಕ್ಕಿಟ್ಟ.

"ನಿಮ್ಮ ಉತ್ತರ ನೋಡ್ತಾ ನೋಡ್ತಾ ನನಗೊಂದು ವಿಚಿತ್ರ ಕಾಣಿಸ್ತು," ಎಂದಳು ಅವಳು. "ಒಂದು ಬಿಟ್ಟು ಒಂದು ಓದಿದ್ರೆ ಎಲ್ಲಾ ಸರಿಯಾಗಿದೆ. ಮೊದಲನೇದು, ಮೂರನೇದು, ಐದನೇದು ಹೀಗೆ ಓದ್ಕೊಂಡು ಹೋದ್ರೆ ಎಲ್ಲದರಲ್ಲೂ ನಲ್ಲಿ ಮೇಲೆ, ಆಮೇಲೆ ರಸ್ತೆ, ಕೊನೆಗೆ ಅಂಚು. ಒಂದೂ ತಪ್ಪಿಲ್ಲ. ಉಳಿದವನ್ನ ಓದಿದ್ರೆ ಅಂಚು ಮೇಲೆ, ಆಮೇಲೆ ರಸ್ತೆ, ಕೊನೆಗೆ ನಲ್ಲಿ. ಅದರಲ್ಲೂ ಒಂದು ತಪ್ಪಿಲ್ಲ. ಇಬ್ಬರು ಕೂತು ಹೇಳಿದ ಹಾಗಿದೆ. ಆವತ್ತು ಈ ಮನೇಲಿ ನೀವು ಬಿಟ್ರೆ ಯಾರೂ ಇರಲಿಲ್ಲ."

ಅವನು ಸುರುಳಿಗೆ ಅಂಟಿದ ನಾರಿನ ಚೂರುಗಳನ್ನು ಕಿತ್ತು ಹಾಕತೊಡಗಿದ.

"ಇನ್ನೊಂದು. ಪ್ರತಿ ಪ್ರಶ್ನೆ ಆದಮೇಲೂ ನೀವು ಎದ್ದು ಬಾಗಿಲ ತನಕ ಹೋಗಿ ಬರ್ತಾ ಇದ್ರಿ. ಯಾರೋ ಬರೋರಿದಾರೆ, ದಾರಿ ನೋಡ್ತಿದೀರಿ ಅಂದ್ಕೊಂಡಿದ್ದೆ."

ಹಗ್ಗದವನು ಬಾಗಿಲ ಕಡೆ ಕೈ ತೋರಿಸಿದ. ಬಾಗಿಲವಾಡದ ಎರಡೂ ಬದಿಗೆ ಒಂದೊಂದು ಮೊಳೆ. ಬಲಗಡೆಯದು ಖಾಲಿ. ಎಡಗಡೆಯದರಲ್ಲಿ ಹಗ್ಗದ್ದೇ ಒಂದು ಬಳೆ, ಮಗುವಿನ ಕೈಗೆ ಹಿಡಿಸುವಷ್ಟು ಚಿಕ್ಕದು, ಕೈ ತಾಗಿ ತಾಗಿ ಕಂದಾಗಿ ಹೊಳೆಯುತ್ತಿತ್ತು.

"ಅದು ಸರದಿ," ಎಂದ.

ಮದುವೆಯಾದ ಹೊಸತರಲ್ಲಿ ಒಲೆ ಯಾವ ಗೋಡೆಗೆ ಹಾಕುವುದೆಂದು ಇಬ್ಬರಿಗೂ ಜಗಳವಾಗಿ, ಎಷ್ಟೋ ದಿನ ಮಾತಿಲ್ಲದೆ, ಹಗ್ಗವನ್ನೂ ಮಾತಿಲ್ಲದೆಯೇ ಹೊಸೆದಿದ್ದರು. ಕೊನೆಗೊಂದು ದಿನ ಅವಳು ಎರಡು ಮೊಳೆ ತಂದು ಬಾಗಿಲಿಗೆ ಹೊಡೆದಳು. "ಇದು ನಿಂದು, ಇದು ನಂದು. ಎರಡು ಮಾತು ಬಂದಾಗ ಬಳೆ ಯಾರ ಮೊಳೇಲಿದೆಯೋ ಅವರ ಮಾತು. ಆಮೇಲೆ ಬಳೆ ಇನ್ನೊಂದು ಕಡೆಗೆ. ಜಗಳ ಇಲ್ಲ, ಮುಖ ಊದಿಸ್ಕೊಳ್ಳೋ ಹಾಗಿಲ್ಲ," ಎಂದಳು. ಆ ಸಲ ಬಳೆಯನ್ನು ತನ್ನ ಮೊಳೆಗೇ ಹಾಕಿಕೊಂಡು ಒಲೆಯನ್ನು ತನಗೆ ಬೇಕಾದ ಗೋಡೆಗೇ ಹಾಕಿಸಿದಳು. ಅಲ್ಲಿಂದಾಚೆಗೆ ಹಸು ಮಾರುವುದೋ ಇಟ್ಟುಕೊಳ್ಳುವುದೋ, ಸೂರಿಗೆ ಹುಲ್ಲೋ ಹಂಚೋ, ಎಲ್ಲವೂ ಆ ಬಳೆಯ ಮೇಲೆಯೇ ನಡೆದಿತ್ತು. ಸರದಿ ಮುಗಿದವರು ಬಾಗಿಲು ದಾಟುವಾಗ ಬಳೆಯನ್ನೊಮ್ಮೆ ಬೆರಳಿನಿಂದ ತಟ್ಟಿ, "ಬರ್ತೀಯಲ್ಲ ಈ ಕಡೆ, ಬಾ," ಎನ್ನುವುದು ಮನೆಯ ತಮಾಷೆಯಾಗಿತ್ತು.

"ಕೊನೇ ಸಲ ನಂದಿತ್ತು," ಎಂದ ಹಗ್ಗದವನು. "ಕಬ್ಬಿಣದ ಈ ರಾಟೆ. ಅವಳು ಬೀದಿ ಕಡೆ ಗೋಡೆಗೆ ಒಂದು ಕಿಟಕಿ ಇಡ್ಸೋಣ ಅಂದ್ಲು. ಊರ ಕೊನೇಲಿ ತಂದು ಹಾಕಿದೀಯಾ, ಒಂದು ನರಪಿಳ್ಳೆ ಹಾದುಹೋಗೋದಾದ್ರೂ ಕಾಣ್ಲಿ ಅಂತ. ನಾನು ರಾಟೆ ಅಂದೆ. ಬಳೆ ನನ್ನ ಕಡೆ ಇತ್ತು, ರಾಟೆ ಬಂತು. ಆಗ್ಲಿ, ಮುಂದಿಂದು ಕಿಟಕಿ ಅಂತ ಅವಳೇ ಬಳೆ ತಗೊಂಡು ತನ್ನ ಮೊಳೆಗೆ ಹಾಕ್ಕೊಂಡ್ಲು. ಹೊಸ ಹಿಡಿ ಹಗುರ ಇದೆ ಅಂತ ಸಂತೋಷಪಟ್ಟೇ ತಿರುಗಿಸಿದ್ಲು, ಒಂದು ತಿಂಗಳಿರಬಹುದು. ಆಮೇಲೆ ಜ್ವರ."

ಕೈ ಚಾಚಿ ರಾಟೆಯ ಹಿಡಿಯನ್ನು ಅರ್ಧ ಸುತ್ತು ತಿರುಗಿಸಿ ಬಿಟ್ಟ.

"ಆಮೇಲೆ ಎರಡು ಮಾತು ಬರಲೇ ಇಲ್ವಲ್ಲಮ್ಮ ಈ ಮನೇಲಿ. ಬಳೆ ಅಲ್ಲೇ ಇತ್ತು. ನೀನು ಬಂದು, ಇದೋ ಅದೋ ಅಂತ ಎರಡೆರಡು ಇಟ್ಟು ಕೇಳೋಕೆ ಶುರು ಮಾಡ್ದೆ. ವರ್ಷದಿಂದ ಹಾಗೆ ಯಾರೂ ಕೇಳಿರಲಿಲ್ಲ. ಅವಳ ಸರದಿಗೆ ಅವಳು ಏನು ಹೇಳ್ತಿದ್ಲು ಅಂತ ನಂಗೆ ಗೊತ್ತು. ಅದನ್ನ ಹೇಳ್ದೆ. ಬಳೆ ಈ ಕಡೆ ಹಾಕ್ದೆ. ನನ್ನ ಸರದಿಗೆ ನಂದು ಹೇಳ್ದೆ. ತಪ್ಪಾಯ್ತಾ?"

ಲೆಕ್ಕದಮ್ಮ ಟ್ಯಾಬಿನ ಗಾಜನ್ನು ಸೆರಗಿನಿಂದ ಒರೆಸಿದಳು. ಒರೆಸಲು ಅಲ್ಲಿ ಏನೂ ಇರಲಿಲ್ಲ.

"ಈ ಊರುಗಳಿಗೆ ಹೊರಡೋ ಮುಂಚೆ ಇದು ಸರಿಯಾಗಿ ಕೆಲಸ ಮಾಡುತ್ತೋ ಇಲ್ವೋ ಅಂತ ನನ್ನನ್ನೇ ಕೇಳ್ಕೊಂಡು ನೋಡಿದ್ದೆ," ಎಂದಳು. "ಯಾವ ಊರಲ್ಲಿರೋಕೆ ಇಷ್ಟ, ಎಂಥ ಮನೇಲಿ, ಯಾರ ಹತ್ತಿರ ಅಂತ. ಎಲ್ಲದಕ್ಕೂ ಒಂದೇ ಅಂಕಿ ಬಂತು."

"ಅಂದ್ರೆ?"

"ಯಾವುದಾದ್ರೂ ಆದೀತು ಅಂತ. ಎಲ್ಲಿ ಹಾಕಿದ್ರೂ ಇರ್ತೀನಿ ಅಂತ."

ಅವನು ಅವಳ ಮುಖವನ್ನು ಆವತ್ತಿಗೆ ಮೊದಲ ಸಲ ಸರಿಯಾಗಿ ನೋಡಿದ. "ಅದು ಮೆಷಿನ್ನಿಗೆ ಆಗುತ್ತಾ?"

"ಹ್ಞೂಂ. ಮೆಷಿನ್ನಿಗೆ ಅದು ಆಗುತ್ತೆ. ನಿಮ್ಮದು ಆಗಲ್ಲ." ಅವಳು ಸಣ್ಣಗೆ ನಕ್ಕಳು, ಬೇಗ ಮುಗಿಸಿ ಕೆಲಸದ ದನಿಗೆ ಬಂದಳು. "ಮತ್ತೆ ಮೊದಲಿಂದ ಕೇಳ್ತೀನಿ. ಎಲ್ಲದಕ್ಕೂ ನಿಮಗೆ ಏನು ಬೇಕೋ ಅದನ್ನೇ ಹೇಳಿ. ಅಂಚಿನ ಮನೆ ಸಿಗುತ್ತೆ, ನಡೆಗೆ ಜಾಗ ಆಗುತ್ತೆ. ಪ್ರಶ್ನೆ ಇಷ್ಟೊಂದಿದ್ರೂ ನಿಜವಾಗಿ ಇರೋದು ಒಂದೇ ಪ್ರಶ್ನೆ, ಹಗ್ಗದಣ್ಣ. ಯಾವ ಮನೆ ಅನ್ನೋದು. ಅದನ್ನೇ ತಿರುಗಿಸಿ ತಿರುಗಿಸಿ ಕೇಳ್ತೀವಿ."

"ಒಂದೇನಾ?"

"ಒಂದೇ."

"ಅದನ್ನ ಮೊದಲೇ ಹೇಳ್ಬಾರದಿತ್ತಾ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅಳತೆ ತಪ್ಪಿ ಎಳೆ ಕಡಿದವನ ಬೇಸರವಿತ್ತು. "ಒಂದೇ ಪ್ರಶ್ನೆ ಅಂದ್ರೆ ಒಂದೇ ಸರದಿ."

ಇಬ್ಬರೂ ಒಟ್ಟಿಗೆ ಬಾಗಿಲ ಕಡೆ ನೋಡಿದರು. ಬಳೆ ಎಡಗಡೆಯ ಮೊಳೆಯಲ್ಲಿತ್ತು, ಹೆಂಡತಿಯ ಮೊಳೆಯಲ್ಲಿ.

"ನೀರು ಕುಡೀತೀಯಾ?" ಎಂದು ಅವನು ಎದ್ದ.

ಹೊಸ್ತಿಲ ಮೇಲೆ ನಿಂತ. ಒಳಗೆ ಕತ್ತಲು. ಬೀದಿಯ ಕಡೆಯ ಗೋಡೆಯಲ್ಲಿ ಹೆಂಡತಿ ಇದ್ದಿಲಿನಿಂದ ಗೀಚಿದ ಒಂದು ಚೌಕ ಇನ್ನೂ ಮಸುಕಾಗಿ ಕಾಣುತ್ತಿತ್ತು, ಕಿಟಕಿ ಇಲ್ಲಿಂದ ಇಲ್ಲಿಗೆ ಬರಬೇಕೆಂದು. ಬಳೆ ಅವನ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿತ್ತು. ಅದನ್ನು ಈ ಮೊಳೆಯಿಂದ ತೆಗೆದು ಆ ಮೊಳೆಗೆ ಹಾಕಲು ಒಂದು ಉಸಿರು ಸಾಕು. ಹಾಕಿದರೆ ಕೇಳುವವರು ಯಾರು? ಲೆಕ್ಕದಮ್ಮ ಕೇಳುವವಳಲ್ಲ, ಅವಳಿಗೆ ಬೇಕಾದದ್ದೂ ಅದೇ. ನಡೆ ಇಲ್ಲದ ಹಗ್ಗದವನೆಂದರೆ ನೀರಿಲ್ಲದ ಅಂಬಿಗ. ಹೆಂಡತಿ ಇದ್ದಿದ್ದರೆ ಅವಳೇ ಬೈದು ಅಂಚಿನ ಮನೆ ತೆಗೆದುಕೋ ಎನ್ನುತ್ತಿದ್ದಳೇ? ಅವನು ಪ್ರಾಮಾಣಿಕವಾಗಿ ಯೋಚಿಸಿದ. ಇಲ್ಲ. ತನ್ನ ಸರದಿಯನ್ನು ಅವಳು ಒಂದು ಸಲವೂ ಬಿಟ್ಟುಕೊಟ್ಟವಳಲ್ಲ. ಜ್ವರದಲ್ಲಿ ಮಲಗಿದ್ದಾಗಲೂ ಬಾಗಿಲ ಕಡೆ ಕಣ್ಣು ಹಾಯಿಸಿ, "ಬಳೆ ಮುಟ್ಟೀಯ, ಜೋಕೆ," ಎಂದಿದ್ದಳು.

ಅವನು ತಂಬಿಗೆಯಲ್ಲಿ ನೀರು ತಂದಿಟ್ಟು ಕೂತ.

"ಕೇಳಮ್ಮ."

"ಅಂಚಿನ ಮನೆಯೋ, ನಲ್ಲಿ ಹತ್ತಿರದ ಮನೆಯೋ?"

"ನಲ್ಲಿ."

ಅವಳ ಬೆರಳು ಗಾಜಿನ ಮೇಲೆ ನಿಂತಿತು. "ಹಗ್ಗದಣ್ಣ..."

"ಬರಿ."

"ರಸ್ತೆ ಮನೆಯೋ, ಅಂಚಿನದೋ?"

"ರಸ್ತೆ."

"ನಲ್ಲಿಯೋ, ರಸ್ತೆಯೋ?"

"ನಲ್ಲಿ. ಅಲ್ಲಿ ಬೆಳಗಾದ್ರೆ ನಾಲ್ಕು ಜನ ಸೇರ್ತಾರೆ. ಅವಳಿಗೆ ಅದು ಬೇಕಿತ್ತು."

ಹೀಗೇ ಕೊನೆಯವರೆಗೂ ಹೋಯಿತು. ಈ ಸಲ ಅವನು ಎದ್ದು ಬಾಗಿಲಿಗೆ ಹೋಗಲಿಲ್ಲ. ಅವನು ಯೋಚಿಸುವುದಕ್ಕೂ ನಿಲ್ಲಲಿಲ್ಲ. ಪಕ್ಕದಲ್ಲಿ ಕೂತವರು ಹೇಳಿದ್ದನ್ನು ದೂರದವರಿಗೆ ಕೇಳುವಂತೆ ತಿರುಗಿ ಹೇಳುವವನ ಹಾಗೆ, ಒಂದೇ ಹದದ ದನಿಯಲ್ಲಿ ಹೇಳುತ್ತ ಹೋದ. ಕೊನೆಗೆ ಟ್ಯಾಬಿನ ಮೇಲೆ ಹಸಿರು ಗುರುತು ಬಂತು.

"ನೇರ ಆಯ್ತಾ?"

"ಆಯ್ತು. ಮೂರು ಮೆಟ್ಟಿಲೂ ಸರಿಯಾಗಿ ಕೂತವು." ಅವಳು ಕಳಿಸುವ ಗುಂಡಿಯನ್ನು ಒತ್ತಲಿಲ್ಲ. "ಇದರ ಪ್ರಕಾರ ನಿಮಗೆ ತುಂಬಾ ಇಷ್ಟವಾದದ್ದು ನಲ್ಲಿ ಮನೆ ಅಂತ ಆಗುತ್ತೆ. ಕಚೇರೀಲಿ ನಿಮ್ಮ ಬಗ್ಗೆ ಗೊತ್ತಾಗೋದು ಅಷ್ಟೇ. ಆಮೇಲೆ ಬದಲಾಯಿಸೋಕೆ ಆಗಲ್ಲ. ಅಲ್ಲಿ ಹಿತ್ತಿಲೇ ಇಲ್ಲ. ರಾಟೆ ಎಲ್ಲಿ ಇಡ್ತೀರಿ?"

"ಆ ಬೀದಿ ನೇರ ಇದೆಯಾ?"

ಅವಳು ನಕ್ಷೆ ತೆರೆದು ನೋಡಿದಳು. "ಇದರಲ್ಲಿ ನೇರ ಕಾಣುತ್ತೆ. ಮನೆ ಕಿಟಕಿಯೂ ಆ ಬೀದಿಗೇ ಇದೆ. ಜನ ಓಡಾಡೋ ಬೀದಿ. ಒಪ್ಪಬೇಕಲ್ಲ ಅವರು?"

"ಒಪ್ಪದೇನೂ ಇರಬಹುದು."

"ಒಪ್ಪದಿದ್ರೆ?"

"ಒತ್ತಮ್ಮ," ಎಂದ ಅವನು. "ಹೊತ್ತಾಯ್ತು ನಿಂಗೂ."

ಅವಳು ಒತ್ತಿದಳು. ನೀರು ಕುಡಿದು ಚೀಲ ಹೆಗಲಿಗೇರಿಸಿಕೊಂಡಳು. ಹೊರಟವಳು ನಿಂತು, ಸುರುಳಿ ಸುತ್ತಿಟ್ಟ ಹೊಸ ಹಗ್ಗವನ್ನು ಅಂಗಡಿಯವನ ಹಾಗೆಯೇ ಹೆಬ್ಬೆರಳಿನಡಿ ಎಳೆದು ನೋಡಿದಳು. ಅದರಲ್ಲಿ ಒಂದೂ ಉಬ್ಬಿರಲಿಲ್ಲ. ಮೊದಲಿಗೆ ಎಳೆ ಸುರುಳಿಗೊಂಡ ಕಡೆ ಮಾತ್ರ ಒಂದು ಸಣ್ಣ ಸೊಟ್ಟ.

"ಇನ್ನೊಂದು ಹೊಸೆಯೋದಿದ್ರೆ ತಿರುಗಿಸ್ತಿದ್ದೆ. ಮೇಲಿನ ಓಣೀಲಿ ಒಂದೆರಡು ಸಹಿ ಹಾಕಿಸ್ಕೊಳ್ಳೋದಿದೆ."

"ಹೋಗಿ ಬಾ. ಕೈಗೆ ಎಣ್ಣೆ ಹಚ್ಕೋ, ಬೊಬ್ಬೆ ಬರುತ್ತೆ."

ಬೇಲಿಯ ಬಳಿ ಮೇಕೆಯಕ್ಕ ಅವಳನ್ನು ತಡೆದು ನಿಲ್ಲಿಸಿದ್ದು ಕಂಡಿತು. ಇಬ್ಬರೂ ಏನೋ ಮಾತಾಡಿದರು. ಮೇಕೆಯಕ್ಕ ಒಮ್ಮೆ ಇತ್ತ ತಿರುಗಿ ನೋಡಿದಳು, ಏನೂ ಕೂಗಲಿಲ್ಲ. ಮೇಕೆಗಳನ್ನೂ ಬೈಯದೆ ಅಟ್ಟಿಕೊಂಡು ಹೋದಳು. ಲೆಕ್ಕದಮ್ಮನ ಚೀಲ ಓಣಿಯ ತಿರುವಿನವರೆಗೂ ಕಾಣುತ್ತಿತ್ತು.

ಹಗ್ಗದವನು ಬಾಗಿಲಿಗೆ ಬಂದು ಬಳೆಯನ್ನು ಎಡಗಡೆಯ ಮೊಳೆಯಿಂದ ತೆಗೆದ. ಮೊಳೆಯ ಕೆಳಗೆ ಮರದ ಮೇಲೆ ಬಳೆಯಾಕಾರದ ಒಂದು ಬಿಳಿ ಗುರುತು ಉಳಿದಿತ್ತು. ಧೂಳು ಕೂರದ ಜಾಗ.

"ನಿಂದು ತೀರ್ತು," ಎಂದ. "ಕಿಟಕಿ ಬೀದಿಗೇ ಇದೆಯಂತೆ."

ಬಳೆಯನ್ನು ಬಲಗಡೆಯ ಮೊಳೆಗೆ ಹಾಕಿದ. ಎಂದಿನಂತೆ ಯಾರಾದರೂ ಬೆರಳಿನಿಂದ ತಟ್ಟಿ, ಬರ್ತೀಯಲ್ಲ ಈ ಕಡೆ, ಬಾ, ಎನ್ನಬೇಕಾದ ಹೊತ್ತು. ಬಳೆ ತಾನಾಗಿ ಸ್ವಲ್ಪ ಅಲುಗಿ ನಿಂತಿತು. ಇಷ್ಟು ದಿನ ಬಾಗಿಲು ದಾಟುವಾಗಲೆಲ್ಲ ಅವಳದೊಂದು ಬಾಕಿ ತನ್ನ ಮೇಲಿದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಆ ಬಾಕಿ ಇದ್ದಷ್ಟು ದಿನ ಮನೆಯಲ್ಲಿ ಕೇಳುವವರೊಬ್ಬರು ಇದ್ದ ಹಾಗಿತ್ತು.

ಹೊರಗೆ ಇನ್ನೊಂದು ಹಗ್ಗಕ್ಕೆ ಆಗುವಷ್ಟು ಎಳೆ ಉಳಿದಿತ್ತು. ಗಾಳಿಯ ಹದ ಚೆನ್ನಾಗಿತ್ತು. ಬಿಸಿಲು ಇಳಿಯಲು ಇನ್ನೂ ಸಮಯವಿತ್ತು. ಈಗಲೇ ಹೊಸೆದು ಮುಗಿಸಬಹುದು. ನಾಳೆಗೆ ಬಿಟ್ಟರೂ ಕೆಡುವುದಿಲ್ಲ. ಅವಳಿದ್ದಿದ್ದರೆ ಸಾಕು ಬಿಡು, ನಾಳೆ ನೋಡೋಣ ಎನ್ನುತ್ತಿದ್ದಳು. ಅವನು ಇಲ್ಲ, ಈಗಲೇ ಎನ್ನುತ್ತಿದ್ದ. ಎರಡು ಮಾತಾಗುತ್ತಿತ್ತು. ಅವನು ತಿರುಗಿ ಬಾಗಿಲನ್ನು ನೋಡಿದ. ಸರದಿ ಅವನದೇ.

ರಾಟೆಯ ಹಿಡಿಯ ಮೇಲೆ ಕೈಯಿಟ್ಟು ಅವನು ಅಲ್ಲೇ ನಿಂತ. ನಡೆಯ ಆ ತುದಿಯಲ್ಲಿ ಕಲ್ಲು ಹೊತ್ತ ಬಂಡಿ, ಇಲ್ಲಿ ಕಾಲ ಬಳಿ ನೆಲದ ಮೇಲೆ ಬುಗುರಿ. ಈಗಲೋ ನಾಳೆಯೋ, ಯಾವುದೆಂದು ಹೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು.